ಗಾಯದ ನಂತರದ ಫಿಸಿಯೋಥೆರಪಿ: ದುಡಿಯುವ ಊರಲ್ಲೋ, ಸ್ವಂತ ಊರಲ್ಲೋ?

ವಲಸೆ ಹೋದ ಕಡೆ ಕೈಗೆ ಪೆಟ್ಟಾಗಿ ಆಪರೇಷನ್ ಮುಗಿದಿದೆ. ಮುಂದೆ?

ಅಲ್ಲೇ ಉಳಿದರೆ ಆಪರೇಷನ್ ಮಾಡಿದವರೇ ನೋಡುತ್ತಾರೆ, ಪರಿಹಾರದ ಕಾಗದಪತ್ರಕ್ಕೆ ಓಡಾಡುವುದೂ ಸುಲಭ. ಆದರೆ ಸಂಬಳವಿಲ್ಲದೆ ಬಾಡಿಗೆ ಕಟ್ಟಬೇಕು. ಭಾಷೆ ಬಾರದೆ, ನೋವಿದ್ದರೂ ಸುಮ್ಮನೆ ತಲೆಯಾಡಿಸಿ ಬರುವವರಿದ್ದಾರೆ. ಜೊತೆಗೊಬ್ಬ ದುಭಾಷಿಯನ್ನು ಕೇಳಲು ಸಂಕೋಚ ಬೇಡ.

ಊರಲ್ಲಿ ಆರೈಕೆಗೆ ಮನೆಯವರಿರುತ್ತಾರೆ. ಥೆರಪಿಸ್ಟ್ ಮಾತ್ರ ದೂರವಿರಬಹುದು.

ಬೆರಳು ಮಡಚುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹಗ್ಗದಂಥ ಭಾಗ) ಹೊಲಿದಿದ್ದರೆ ನನ್ನ ಮತ ಉಳಿಯುವುದಕ್ಕೇ. ಮೊದಲ 6 ವಾರ ನಾಜೂಕು: ಜೋರಾಗಿ ಎಳೆದರೆ ಹೊಲಿಗೆ ಹರಿಯುತ್ತದೆ, ಅಲ್ಲಾಡಿಸದಿದ್ದರೆ ಬೆರಳು ಬಿಗಿಯುತ್ತದೆ. ಭಾರ ಎತ್ತಲು ಸಾಮಾನ್ಯವಾಗಿ 12 ವಾರವಾದರೂ ಕಾಯಬೇಕು. ಸರಳ ಮೂಳೆಮುರಿತವಾದರೆ, ವೈದ್ಯರು ಒಪ್ಪಿದ ಮೇಲೆ, ವ್ಯಾಯಾಮ ಕಲಿತು ಊರಿಗೆ ಹೊರಡಬಹುದು. ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಆಪರೇಷನ್ ವಿವರ ಕೈಸೇರದೆ ಮಾತ್ರ ಹೊರಡಬೇಡಿ.