ಮೈಸೂರಿನ ಕುವೆಂಪುನಗರದ ಮಹಡಿ ಮೇಲೆ ಹೆಡ್ಜ್ ಫಂಡ್ ಇಂಟರ್‌ವ್ಯೂ ಕ್ಲಾಸ್: ಎಂಟು ಶನಿವಾರ ಹೋಗಿ ಬಂದ ಮೇಲೆ

ನಾನು ಮದ್ದೂರು ಕಡೆಯವಳು. ಮಾನಸಗಂಗೋತ್ರಿಯಲ್ಲಿ ಸ್ಟಾಟಿಸ್ಟಿಕ್ಸ್ ಎಂ.ಎಸ್ಸಿ. ಮಾಡುತ್ತಿದ್ದೇನೆ. ಹೆಡ್ಜ್ ಫಂಡ್ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತೇನೆ ಅಂದಾಗ ಅಪ್ಪ ಅದೇನು ಅಂತ ಕೇಳಿದರು. "ದುಡ್ಡಿರೋರ ದುಡ್ಡು ತಗೊಂಡು, ಷೇರು ಏರಿದ್ರೂ ಇಳಿದ್ರೂ ಲಾಭ ಮಾಡೋಕೆ ನೋಡೋ ಕಂಪನಿ" ಅಂದೆ. "ಇಳಿದ್ರೂ ಲಾಭನಾ? ಅದೆಂಗೆ?" ಅಂದರು. ನನಗೆ ಬಿಡಿಸಿ ಹೇಳೋಕೆ ಬರಲಿಲ್ಲ. ಇಂಟರ್‌ವ್ಯೂನಲ್ಲಿ ಇದನ್ನೇ ಕೇಳಿದರೆ ಏನು ಗತಿ ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೂ ಮೊದಲು ಒಂದು ಆನ್‌ಲೈನ್ ಕೋರ್ಸಿಗೆ 28,000 ರೂ. ಕಟ್ಟಿದ್ದೆ. ಕೊಟ್ಟಿದ್ದು ಇನ್ನೂರು ಒಗಟುಗಳು, ಅವಕ್ಕೆ ಉತ್ತರಗಳು. ಅಷ್ಟೇ. ಒಬ್ಬರೂ ಎದುರಿಗೆ ಕೂತು ಒಂದು ಪ್ರಶ್ನೆ ಕೇಳಲಿಲ್ಲ. ಅದು ಅಪ್ಪನ ಕಬ್ಬಿನ ದುಡ್ಡು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಸೀನಿಯರ್ ಒಬ್ಬರು ಈ ಕ್ಲಾಸ್ ಬಗ್ಗೆ ಹೇಳಿದರು. ಮುಂಬೈನಲ್ಲಿ ವರ್ಷಗಟ್ಟಲೆ ಟ್ರೇಡಿಂಗ್ ಡೆಸ್ಕ್‌ನಲ್ಲಿದ್ದು, ಈಗ ಊರಿಗೆ ಬಂದು ನೆಲೆಸಿರುವ ಸರ್ ತಮ್ಮ ಮನೆ ಮಹಡಿಯಲ್ಲಿ ನಡೆಸುತ್ತಾರೆ. ಎಂಟು ಶನಿವಾರ, ಎಂಟು ಜನ, ತಲಾ 8,000 ರೂ. ಬೋರ್ಡ್ ಇಲ್ಲ, ಜಾಹೀರಾತಿಲ್ಲ. ಪ್ಲಾಸ್ಟಿಕ್ ಕುರ್ಚಿ, ಒಂದು ವೈಟ್‌ಬೋರ್ಡ್. ನಡುವೆ ಮೇಡಂ ಫಿಲ್ಟರ್ ಕಾಫಿ ಕೊಡುತ್ತಾರೆ.

ಮೊದಲ ದಿನ ಪರಿಚಯ ಕೂಡ ಮುಗಿದಿರಲಿಲ್ಲ. "ಒಂದು ದಾಳ ಹಾಕ್ತೀನಿ. ಎಷ್ಟು ಬೀಳುತ್ತೋ ಅಷ್ಟು ರೂಪಾಯಿ ನಿನಗೆ. ಆಡೋಕೆ ಎಷ್ಟು ಕೊಡ್ತೀಯಮ್ಮ?" ಅಂದರು. ಸರಾಸರಿ 3.5, ಅದಕ್ಕಿಂತ ಕಡಿಮೆ ಕೊಡುತ್ತೇನೆ ಅಂದೆ. "ಬಿದ್ದಿದ್ದು ಬೇಡ ಅನಿಸಿದ್ರೆ ಇನ್ನೊಂದು ಸಲ ಹಾಕಬಹುದು. ಈಗ?" 4, 5, 6 ಬಿದ್ದರೆ ಇಟ್ಟುಕೊಳ್ಳುತ್ತೇನೆ, 1, 2, 3 ಬಿದ್ದರೆ ಮತ್ತೆ ಹಾಕುತ್ತೇನೆ. ಲೆಕ್ಕ 4.25ಕ್ಕೆ ಬಂತು. ಇಷ್ಟು ಎಲ್ಲಾ ಪುಸ್ತಕದಲ್ಲೂ ಇದೆ. ಸರ್ ಅಲ್ಲಿಗೆ ಬಿಡಲಿಲ್ಲ. "ಸರಿ, ಒಂದೇ ಸಲ ಹಾಕೋ ಮೊದಲನೇ ಆಟಕ್ಕೆ ಬಾ. ರೂಪಾಯಿ ಬದಲು ಲಕ್ಷ. 3 ಲಕ್ಷದ 40 ಸಾವಿರಕ್ಕೆ ಕೊಡ್ತೀನಿ. ಆಡ್ತೀಯಾ?"

ಸರಾಸರಿ ಪ್ರಕಾರ 10,000 ರೂ. ಲಾಭ. ಹೂಂ ಅನ್ನಬೇಕು ಅಂತ ಬಾಯಿಗೆ ಬಂತು. ಆದರೆ 1 ಬಿದ್ದರೆ 2 ಲಕ್ಷದ 40 ಸಾವಿರ ಹೋಯಿತು. ಅರ್ಧಕ್ಕರ್ಧ ಸಲ ನಷ್ಟವೇ. ಅಷ್ಟು ದುಡ್ಡು ನಮ್ಮ ಮನೆಯಲ್ಲಿ ಇಲ್ಲ. "ಇಲ್ಲ ಸರ್, ಆಡಲ್ಲ" ಅಂದೆ. "ಯಾಕೆ ಅಂತ ಹೇಳು, ಅದೇ ನನಗೆ ಬೇಕಾಗಿರೋದು" ಅಂದರು. ಆಟ ಒಳ್ಳೆಯದೇ, ನನ್ನ ಗಂಟಿಗೆ ಅದು ದೊಡ್ಡದಾಯಿತು. ಇದೇ ಆಟವನ್ನು ಸಣ್ಣ ಮೊತ್ತದಲ್ಲಿ ಸಾವಿರ ಸಲ ಆಡೋಕೆ ಬಿಟ್ಟರೆ ಖಂಡಿತ ಆಡುತ್ತೇನೆ. ಪೊಸಿಷನ್ ಸೈಜಿಂಗ್, ಅಂದರೆ ಒಂದು ಆಟಕ್ಕೆ ಎಷ್ಟು ದುಡ್ಡು ಹಾಕಬೇಕು ಅನ್ನೋದು, ನನಗೆ ತಲೆಗೆ ಹೋಗಿದ್ದು ಆ ಕುರ್ಚಿಯಲ್ಲಿ. ಎಲ್‌ಟಿಸಿಎಂ ಕಥೆ ಹೇಳಿದ್ದೂ ಆವತ್ತೇ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನೋದು 1994ರಲ್ಲಿ ಶುರುವಾದ ಅಮೆರಿಕದ ಹೆಡ್ಜ್ ಫಂಡ್. ಪಾಲುದಾರರಲ್ಲಿ ಇಬ್ಬರಿಗೆ 1997ರಲ್ಲಿ ನೊಬೆಲ್ ಬಂತು. ಮರುವರ್ಷವೇ ಫಂಡ್ ಮುಳುಗುವ ಹಂತಕ್ಕೆ ಹೋಗಿ, 14 ಬ್ಯಾಂಕುಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಬೇಕಾಯಿತು. ಅವರಿಗೆ ಲೆಕ್ಕ ಬರುತ್ತಿರಲಿಲ್ಲವಾ? ಬರುತ್ತಿತ್ತು. ಸಾಲ ಜಾಸ್ತಿ ಆಗಿತ್ತು.

ನನಗೆ ತುಂಬಾ ಇಷ್ಟವಾಗಿದ್ದು ಮೂರನೇ ವಾರದ ಆಟ. ಒಂದು ಸಂಖ್ಯೆಯನ್ನೇ ಷೇರಿನ ಬೆಲೆ ಅಂದುಕೊಂಡು ವ್ಯಾಪಾರ ಮಾಡಬೇಕು. "ಅರಮನೆ ದೀಪಾಲಂಕಾರದಲ್ಲಿ ಎಷ್ಟು ಬಲ್ಬು ಇವೆ? ಒಂದು ಕೊಳ್ಳೋ ಬೆಲೆ, ಒಂದು ಮಾರೋ ಬೆಲೆ ಹೇಳು" ಅಂದರು. 60,000ಕ್ಕೆ ಕೊಳ್ಳುತ್ತೇನೆ, 80,000ಕ್ಕೆ ಮಾರುತ್ತೇನೆ ಅಂದೆ. "80ಕ್ಕೆ ತಗೊಂಡೆ. ಈಗ ಬೆಲೆ ಹೇಳು." ಅದೇ ಹೇಳಿದೆ. "ತಗೊಂಡೆ." ಮತ್ತೆ ಅದೇ. "ತಗೊಂಡೆ." ಆಮೇಲೆ ಪೆನ್ ಕೆಳಗಿಟ್ಟು, "ಮೂರು ಸಲ ತಗೊಂಡ್ನಲ್ಲಮ್ಮ, ಇವನಿಗೇನೋ ಗೊತ್ತಿರಬಹುದು ಅಂತ ಒಂದು ಸಲವಾದರೂ ಅನಿಸಲಿಲ್ವಾ?" ಅಂತ ಕೇಳಿದರು. ಬಲ್ಬುಗಳು ಸುಮಾರು ಒಂದು ಲಕ್ಷ ಅಂತಾರೆ. ಸರಿಯಾದ ಸಂಖ್ಯೆ ನನಗೆ ಗೊತ್ತಿಲ್ಲದಿದ್ದದ್ದು ತಪ್ಪಲ್ಲವಂತೆ. ಎದುರಿನವರು ಕೊಳ್ಳುತ್ತಲೇ ಇದ್ದರೂ ಬೆಲೆ ಏರಿಸದೆ ಕೂತಿದ್ದು ತಪ್ಪು. ದೇವರಾಜ ಮಾರ್ಕೆಟ್‌ನಲ್ಲಿ ಹೂ ಮಾರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನನಗೆ ಎಂ.ಎಸ್ಸಿ. ಓದಿದ ಮೇಲೂ ಹೇಳಿಕೊಡಬೇಕಾಯಿತು.

ಇನ್ನು ಷೇರು ಪಿಚ್, ಅಂದರೆ ಒಂದು ಷೇರನ್ನು ಯಾಕೆ ಕೊಳ್ಳಬೇಕು ಇಲ್ಲ ಮಾರಬೇಕು ಅಂತ ವಾದ ಮಂಡಿಸೋದು. ಬಹಳಷ್ಟು ಕಡೆ ಇದನ್ನು ಕೇಳುತ್ತಾರೆ. ಒಂದು ಕೊಳ್ಳುವ ಐಡಿಯಾ, ಒಂದು ಶಾರ್ಟ್ ಐಡಿಯಾ (ಬೆಲೆ ಇಳಿದರೆ ಲಾಭ ಬರುವಂಥದ್ದು) ಕೈಯಲ್ಲಿರಬೇಕು. ಎಲ್ಲರೂ ಐಟಿ, ಬ್ಯಾಂಕ್ ಷೇರು ತಂದಿದ್ದರು. ನಾನು ಒಂದು ಸಣ್ಣ ಸಕ್ಕರೆ ಕಂಪನಿಯನ್ನು ಶಾರ್ಟ್ ಮಾಡುತ್ತೇನೆ ಅಂದೆ. ಕಾರಣ ನನ್ನ ಮನೆಯಲ್ಲೇ ಇತ್ತು. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ಖರೀದಿ ಬೆಲೆ ಎಫ್‌ಆರ್‌ಪಿ 2019-20ರಲ್ಲಿ ಕ್ವಿಂಟಲ್‌ಗೆ 275 ರೂ. ಇತ್ತು, 2024-25ರಲ್ಲಿ 340 ಆಯಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ ಮಾತ್ರ 2019ರ ಫೆಬ್ರವರಿಯಿಂದ ಕೆಜಿಗೆ 31 ರೂ.ನಲ್ಲೇ ನಿಂತಿತ್ತು. ಖರ್ಚು ಏರುತ್ತೆ, ಬೆಲೆ ಏರಲ್ಲ, ಹಾಗಾಗಿ ಲಾಭ ಇಳಿಯುತ್ತೆ. ಇದು ನನ್ನ ವಾದ.

ಸರ್ ಎರಡೇ ನಿಮಿಷದಲ್ಲಿ ಬಿಚ್ಚಿಟ್ಟರು. "31 ಅನ್ನೋದು ಅದಕ್ಕಿಂತ ಕಡಿಮೆಗೆ ಮಾರಬೇಡಿ ಅನ್ನೋ ಗೆರೆ. ಕಾರ್ಖಾನೆ ನಿಜವಾಗಿ ಎಷ್ಟಕ್ಕೆ ಮಾರ್ತಾ ಇದೆ ನೋಡಿದ್ಯಾ?" ನೋಡಿರಲಿಲ್ಲ. ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲಿತ್ತು. "ಎಥೆನಾಲ್ ಎಲ್ಲಿ?" ಪೆಟ್ರೋಲಿಗೆ ಬೆರೆಸೋಕೆ ಕಾರ್ಖಾನೆಗಳು ಕಬ್ಬಿನಿಂದ ಎಥೆನಾಲನ್ನೂ ಮಾಡಿ ಮಾರುತ್ತವೆ, ಅದನ್ನೂ ಬಿಟ್ಟಿದ್ದೆ. 2023ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಅಂತ ಆದೇಶ ಮಾಡಿತ್ತು, ಸಕ್ಕರೆ ಷೇರುಗಳು ಬಿದ್ದಿದ್ದವು. ಮುಂದಿನ ವರ್ಷ ಆ ನಿರ್ಬಂಧ ತೆಗೆದರು. ನಿಯಮ ಒಂದೇ ದಿನದಲ್ಲಿ ಬದಲಾಗುವ ವ್ಯಾಪಾರ ಇದು. ನಿನ್ನ ಶಾರ್ಟ್ ಇದ್ದಾಗ ಅದು ನಿನ್ನ ವಿರುದ್ಧ ಬದಲಾದರೆ ಎಲ್ಲಿ ಹೊರಗೆ ಬರ್ತೀಯ ಅಂತ ಕೇಳಿದರು.

ಕೊನೆಗೆ ಕೇಳಿದ್ದು ನನ್ನನ್ನು ಪೂರ್ತಿ ಸುಮ್ಮನಾಗಿಸಿತು. "ಶಾರ್ಟ್ ಅಂದೆಯಲ್ಲ, ಹೇಗೆ ಮಾಡ್ತೀಯ?" ನಮ್ಮಲ್ಲಿ ಕ್ಯಾಷ್ ಮಾರ್ಕೆಟ್‌ನಲ್ಲಿ ಕೈಯಲ್ಲಿಲ್ಲದ ಷೇರು ಮಾರಿ ಅದೇ ದಿನ ವಾಪಸ್ ಕೊಳ್ಳಬೇಕು. ತಿಂಗಳುಗಟ್ಟಲೆ ಇಡಬೇಕು ಅಂದರೆ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಕುದುರಿಸುವ ಒಪ್ಪಂದ) ಬೇಕು, ಇಲ್ಲ ಷೇರನ್ನು ಸಾಲ ತರಬೇಕು. ನಾನು ಆರಿಸಿದ ಸಣ್ಣ ಕಂಪನಿಗೆ ಫ್ಯೂಚರ್ಸೇ ಇರಲಿಲ್ಲ. ಸಾಲ ಕೊಡುವವರೂ ಸಿಗುವುದು ಕಷ್ಟ. ಮಾಡೋಕೇ ಆಗದ ಐಡಿಯಾ ಹಿಡಿದು ಅರ್ಧ ಗಂಟೆ ಮಾತಾಡಿದ್ದೆ. ಆ ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ವಿವರಿಸಿದೆ: ಪಕ್ಕದ ಮನೆಯವರ ಹತ್ತು ಮೂಟೆ ಭತ್ತ ಸಾಲ ತಂದು ಇವತ್ತಿನ ಬೆಲೆಗೆ ಮಾರಿ, ಬೆಲೆ ಇಳಿದ ಮೇಲೆ ಹತ್ತು ಮೂಟೆ ಕೊಂಡು ವಾಪಸ್ ಕೊಟ್ಟ ಹಾಗೆ. "ಬೆಲೆ ಏರಿಬಿಟ್ರೆ?" ಅಂದರು ತಕ್ಷಣ. ಸರ್ ಕೇಳಿದ್ದೂ ಅದನ್ನೇ.

ಆರನೇ ವಾರ ಇನ್ನೊಂದು ಪ್ರಶ್ನೆ. "ನಿನ್ನ ಮಾವ ಆ ಕಾರ್ಖಾನೆಯಲ್ಲಿ ಅಕೌಂಟೆಂಟ್. ಈ ಸಲ ನಷ್ಟ ಅಂತ ಊಟಕ್ಕೆ ಕೂತಾಗ ಹೇಳಿದ್ರು. ಇನ್ನೂ ಪ್ರಕಟ ಆಗಿಲ್ಲ. ಏನು ಮಾಡ್ತೀಯ?" ಒಂದು ಹುಡುಗ ಶಾರ್ಟ್ ಮಾಡುತ್ತೇನೆ ಅಂದುಬಿಟ್ಟ. ಅದು ಇನ್‌ಸೈಡರ್ ಟ್ರೇಡಿಂಗ್, ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮಗಳ ಪ್ರಕಾರ ಅಪರಾಧ. ಅಲ್ಲಿಗೇ ಇಂಟರ್‌ವ್ಯೂ ಮುಗಿಯಿತು ಅಂತ ಸರ್ ಗಟ್ಟಿಯಾಗಿ ಹೇಳಿದರು. ಆ ಷೇರನ್ನು ಮುಟ್ಟಬಾರದು, ಫಂಡ್‌ನಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್‌ನವರಿಗೆ ತಿಳಿಸಬೇಕು. ಅದೇ ನಾನು ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೆ ಓಡಾಡಿ ಗದ್ದೆಗಳಲ್ಲಿ ಕಬ್ಬು ಒಣಗಿರುವುದನ್ನು ಕಣ್ಣಾರೆ ಕಂಡು ಲೆಕ್ಕ ಹಾಕಿದರೆ ಅದು ನನ್ನ ದುಡಿಮೆ. ಈ ಗೆರೆ ಎಲ್ಲಿದೆ ಅನ್ನೋದು ಪ್ರತಿಯೊಬ್ಬರಿಗೂ ಗೊತ್ತಿರಲೇಬೇಕು.

ಸಾಮಾನ್ಯ ವಿಷಯಗಳನ್ನು ಒಂದೇ ದಿನದಲ್ಲಿ ಮುಗಿಸಿದರು. ನಮ್ಮಲ್ಲಿ ಹೆಡ್ಜ್ ಫಂಡ್‌ಗಳು ಸೆಬಿಯ 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮಗಳ ಮೂರನೇ ಕೆಟಗರಿಗೆ ಬರುತ್ತವೆ. ಹೂಡಿಕೆದಾರರು ಸಾಮಾನ್ಯವಾಗಿ ಕನಿಷ್ಠ 1 ಕೋಟಿ ರೂ. ಹಾಕಬೇಕು. ಅಮೆರಿಕದ ಹಳೇ ಪದ್ಧತಿಯಲ್ಲಿ ಶುಲ್ಕ ವರ್ಷಕ್ಕೆ ಶೇ. 2, ಲಾಭದಲ್ಲಿ ಶೇ. 20. ಫಂಡ್ 100ರಿಂದ 80ಕ್ಕೆ ಇಳಿದು ಮತ್ತೆ 100ಕ್ಕೆ ಬಂದರೆ ಆ 20ಕ್ಕೆ ಫಂಡ್ ನಡೆಸುವವರಿಗೆ ಲಾಭದ ಪಾಲು ಸಿಗುತ್ತಾ? ಹಿಂದಿನ ಗರಿಷ್ಠ ಮಟ್ಟ ದಾಟಿದ ಮೇಲಿನ ಲಾಭಕ್ಕೆ ಮಾತ್ರ ಪಾಲು ಅನ್ನೋ ಹೈ ವಾಟರ್ ಮಾರ್ಕ್ ಷರತ್ತು ಇದ್ದರೆ ಸಿಗಲ್ಲ. ಇದನ್ನು ನನಗೆ ನಿಜವಾದ ಇಂಟರ್‌ವ್ಯೂನಲ್ಲೂ ಕೇಳಿದರು.

ನಿಜವಾದ ಇಂಟರ್‌ವ್ಯೂ ಎರಡಾದವು. ಮೊದಲನೆಯದು ಪೂರ್ತಿ ಗಣಿತ, ಕೋಡಿಂಗ್ ಮೇಲೆ ನಡೆಯುವ ಫಂಡ್. ಒಂದು ಗಂಟೆಯ ಆನ್‌ಲೈನ್ ಟೆಸ್ಟ್. ಸಂಭವನೀಯತೆ ಚೆನ್ನಾಗಿ ಮಾಡಿದೆ, ಎರಡನೇ ಪೈಥಾನ್ ಪ್ರೋಗ್ರಾಂ ಓಡಲಿಲ್ಲ, ಹೊರಗೆ ಬಿದ್ದೆ. ಎರಡನೆಯದು ಬೆಂಗಳೂರಿನಲ್ಲಿ. ಮೂರು ಗಂಟೆ ಟೈಮ್, ಒಂದು ಕಂಪನಿಯ ವಾರ್ಷಿಕ ವರದಿ, ಖಾಲಿ ಎಕ್ಸೆಲ್. ಕೊಳ್ಳಬೇಕಾ ಬೇಡವಾ ಅಂತ ಎರಡು ಪುಟ ಬರೆಯಬೇಕು. ಆಮೇಲೆ ಐದು ಜನ, ಒಬ್ಬರಾದ ಮೇಲೆ ಒಬ್ಬರು. ಒಬ್ಬರು ನಾಣ್ಯದ ಪ್ರಶ್ನೆ ಕೇಳಿದರು: ಸತತ ಎರಡು ಹೆಡ್ ಬೀಳೋಕೆ ಸರಾಸರಿ ಎಷ್ಟು ಸಲ ಚಿಮ್ಮಬೇಕು? 4 ಅಂದೆ. "ಹೌದಾ?" ಅಂದರು ಅಷ್ಟೇ. ಅರಮನೆ ಬಲ್ಬು ನೆನಪಾಯಿತು. ನಿಲ್ಲಿಸಿ, ಜೋರಾಗಿ ಲೆಕ್ಕ ಹೇಳುತ್ತಾ ಹೋದೆ. ಹೆಡ್ ಆದ ಮೇಲೆ ಟೇಲ್ ಬೀಳೋಕೆ 4, ಆದರೆ ಎರಡು ಹೆಡ್‌ಗೆ ಮಧ್ಯೆ ಟೇಲ್ ಬಿದ್ದರೆ ಮೊದಲಿಂದ ಶುರು, ಹಾಗಾಗಿ 6. ಅವರು ತಲೆಯಾಡಿಸಿದರು. ಎರಡು ತಿಂಗಳ ಇಂಟರ್ನ್‌ಶಿಪ್ ಅಲ್ಲೇ ಸಿಕ್ಕಿದೆ.

ಕ್ಲಾಸಿನಲ್ಲಿ ಕೊರತೆ ಇಲ್ಲವಾ ಅಂದರೆ ಇವೆ. ಪೈಥಾನ್ ಒಂದು ಸಾಲೂ ಇಲ್ಲ. ಕ್ವಾಂಟ್ ಕಡೆ, ಅಂದರೆ ಗಣಿತ, ಕೋಡಿಂಗ್ ಮೇಲೆ ನಡೆಯುವ ಫಂಡ್ ಕಡೆ ಹೋಗುವವರು ಅದನ್ನು ಬೇರೆ ಕಡೆ ಗಟ್ಟಿಯಾಗಿ ಕಲಿಯಲೇಬೇಕು. ನಮ್ಮ ತಪ್ಪುಗಳನ್ನು ಸರ್ ಬಾಯಲ್ಲಿ ಹೇಳುತ್ತಾರೆ, ಬರೆದು ಕೊಡುವುದಿಲ್ಲ. ನೋಟ್‌ಬುಕ್ ಇಟ್ಟುಕೊಂಡು ಆಗಲೇ ಬರೆದುಕೊಳ್ಳಿ. ಎಲ್ಲಕ್ಕಿಂತ ದೊಡ್ಡದು ಭಾಷೆ. ಪಾಠ ಕನ್ನಡದಲ್ಲಿ ನಡೆದಿದ್ದರಿಂದಲೇ ನನಗೆ ವಿಷಯ ಇಷ್ಟು ಆಳಕ್ಕೆ ಇಳಿದಿದ್ದು. ಆದರೆ ಅಭ್ಯಾಸಕ್ಕೆ ನಡೆಸುವ ಮಾಕ್ ಇಂಟರ್‌ವ್ಯೂನೂ ಕನ್ನಡದಲ್ಲೇ ಆಗಿದ್ದರಿಂದ ಬೆಂಗಳೂರಿನಲ್ಲಿ ಮೊದಲ ಹತ್ತು ನಿಮಿಷ ಇಂಗ್ಲಿಷ್ ತಡವರಿಸಿತು. ಇದನ್ನು ಸರ್‌ಗೆ ಹೋಗಿ ಹೇಳಿದೆ. ಮುಂದಿನ ಬ್ಯಾಚ್‌ನಿಂದ ಕೊನೆಯ ಎರಡು ಶನಿವಾರದ ಮಾಕ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಒಂದು ದಿನ ನಾನೂ ಬಂದು ಪ್ರಶ್ನೆ ಕೇಳಬೇಕಂತೆ. ಹೂಂ ಅಂದಿದ್ದೇನೆ. ಸಕ್ಕರೆ ಕಂಪನಿ ಶಾರ್ಟ್ ಮಾಡ್ತೀನಿ ಅಂತ ಯಾರಾದರೂ ಬಂದರೆ ಏನೇನು ಕೇಳಬೇಕು ಅಂತ ಆಗಲೇ ಬರೆದಿಟ್ಟುಕೊಂಡಿದ್ದೇನೆ.