ಪಾಸ್‌ವರ್ಡ್ ಬದಲಾಯಿಸಿದ ಅರ್ಧ ಗಂಟೆಯ ನಂತರ: ಪ್ಯಾರಾಮೀಟರ್ ಸ್ಟೋರ್, ಸೀಕ್ರೆಟ್ಸ್ ಮ್ಯಾನೇಜರ್, ವಾಲ್ಟ್

ಒಂದೇ ಆ್ಯಪ್, ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರ ಪಾಸ್‌ವರ್ಡನ್ನು ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಪ್ಯಾರಾಮೀಟರ್ ಸ್ಟೋರ್, ಅವರದೇ ಸೀಕ್ರೆಟ್ಸ್ ಮ್ಯಾನೇಜರ್, ಹ್ಯಾಶಿಕಾರ್ಪ್‌ನ ವಾಲ್ಟ್ ಹೀಗೆ ಪಾಸ್‌ವರ್ಡ್‌ನಂಥ ಗುಟ್ಟುಗಳನ್ನು ಕಾಯುವ ಮೂರು ಕಡೆ ಇಟ್ಟು ನೋಡಿದ್ದೇನೆ. ಎನ್‌ಕ್ರಿಪ್ಟ್ ಮಾಡಿ ಇಡುವ ವಿಷಯದಲ್ಲಿ ಯಾವುದರ ಮೇಲೂ ನನಗೆ ತಕರಾರಿಲ್ಲ. ಬದಲಾಯಿಸುವ ಹೊತ್ತು ಬಂದಾಗಲೇ ವ್ಯತ್ಯಾಸ ಗೊತ್ತಾಗುವುದು.

ಪ್ಯಾರಾಮೀಟರ್ ಸ್ಟೋರ್ ಸರಳ. ಸೆಕ್ಯೂರ್‌ಸ್ಟ್ರಿಂಗ್ ಎಂಬ ಬಗೆಯಲ್ಲಿ ಇಟ್ಟರೆ ಕೆಎಂಎಸ್ (ಎನ್‌ಕ್ರಿಪ್ಶನ್ ಕೀಗಳನ್ನು ಕಾಯುವ ಕ್ಲೌಡ್ ಸೇವೆ) ಕೀ ಬಳಸಿ ಎನ್‌ಕ್ರಿಪ್ಟ್ ಮಾಡುತ್ತದೆ; ಸ್ಟ್ಯಾಂಡರ್ಡ್ ಬಗೆಯಲ್ಲಿ 4 ಕೆಬಿ ಹಿಡಿಸುತ್ತದೆ. ರೊಟೇಶನ್, ಅಂದರೆ ಆಗಾಗ ಪಾಸ್‌ವರ್ಡ್ ಬದಲಾಯಿಸುವುದು, ಮಾತ್ರ ನಮ್ಮ ತಲೆಗೆ. ನಾನು ಬರೆದ ಸ್ಕ್ರಿಪ್ಟ್ ಒಮ್ಮೆ ಡೇಟಾಬೇಸಿನಲ್ಲಿ ಪಾಸ್‌ವರ್ಡ್ ಬದಲಾಯಿಸಿತು, ಅದನ್ನು ಸ್ಟೋರಿಗೆ ಬರೆಯುವ ಮೊದಲೇ ನಿಂತುಹೋಯಿತು. ಹೊಸ ಪಾಸ್‌ವರ್ಡ್ ಎಲ್ಲೂ ಉಳಿದಿರಲಿಲ್ಲ.

ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ ಈ ಕ್ರಮ ತಿರುವುಮುರುವು. ಅದರ ಲ್ಯಾಂಬ್ಡಾ (ಎಡಬ್ಲ್ಯೂಎಸ್ ಓಡಿಸುವ ಪುಟ್ಟ ಪ್ರೋಗ್ರಾಮ್) ಹೊಸ ಪಾಸ್‌ವರ್ಡಿಗೆ 'ಪೆಂಡಿಂಗ್' ಎಂಬ ಲೇಬಲ್ ಹಚ್ಚಿ ಮೊದಲು ಉಳಿಸಿಕೊಳ್ಳುತ್ತದೆ, ಆಮೇಲೆ ಡೇಟಾಬೇಸಿಗೆ ಹಾಕುತ್ತದೆ, ಲಾಗಿನ್ ಆಗಿ ಪರೀಕ್ಷಿಸುತ್ತದೆ, ಎಲ್ಲ ಸರಿಯಿದ್ದರೆ 'ಕರೆಂಟ್' ಲೇಬಲನ್ನು ಅದಕ್ಕೆ ವರ್ಗಾಯಿಸುತ್ತದೆ. ನಡುವೆ ಎಲ್ಲಿ ನಿಂತರೂ ಹೊಸದು ಕೈಯಲ್ಲಿರುತ್ತದೆ.

ಆದರೂ ಪೆಟ್ಟು ತಿಂದೆ. ರಾತ್ರಿ ಎರಡಕ್ಕೆ ರೊಟೇಶನ್ ಮುಗಿದು ನಾಲ್ಕೂ ಹಂತ ಯಶಸ್ವಿ ಎಂದು ಲಾಗ್ ತೋರಿಸಿತು. ಎರಡೂವರೆಯ ಹೊತ್ತಿಗೆ ಲಾಗಿನ್ ವಿಫಲವಾದ ದೂರುಗಳು ಸಾಲುಗಟ್ಟಿದವು. ಪಾಸ್‌ವರ್ಡ್ ಬದಲಾದರೂ ಪೋಸ್ಟ್‌ಗ್ರೆಸ್ ಆಗಲೇ ತೆರೆದಿರುವ ಕನೆಕ್ಷನ್‌ಗಳನ್ನು ಕಡಿಯುವುದಿಲ್ಲ. ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಮರುಬಳಸಲು ನಾವು ಬಳಸುತ್ತಿದ್ದ ಹಿಕಾರಿ ಪೂಲ್ ತಾನಾಗಿ 30 ನಿಮಿಷಕ್ಕೆ ಹಳೆಯ ಕನೆಕ್ಷನ್ ಮುಚ್ಚಿ ಹೊಸದು ತೆರೆಯುತ್ತದೆ. ಆಗ ಅದು ಹಿಡಿದುಕೊಂಡು ಹೋದದ್ದು ಆ್ಯಪ್ ಶುರುವಾದಾಗ ಓದಿಟ್ಟುಕೊಂಡ ಹಳೆಯ ಪಾಸ್‌ವರ್ಡನ್ನು.

ಅಂದಿನಿಂದ ಎರಡು ಯೂಸರ್‌ಗಳ ವಿಧಾನಕ್ಕೆ ಬಂದೆವು. ಒಂದು ಬಳಕೆಯಲ್ಲಿರುವಾಗ ಇನ್ನೊಂದರ ಪಾಸ್‌ವರ್ಡ್ ಬದಲಾಗುತ್ತದೆ, ಮುಂದಿನ ಸುತ್ತಿನವರೆಗೆ ಹಳೆಯದೂ ನಡೆಯುತ್ತದೆ. ಇದಕ್ಕೆ ಹೆಚ್ಚಿನ ಅಧಿಕಾರವಿರುವ ಮೂರನೇ ಯೂಸರ್‌ನ ಸೀಕ್ರೆಟ್ ಬೇಕು, ಅದನ್ನು ಇನ್ನಷ್ಟು ಬಿಗಿಯಾಗಿ ಕಾಯಬೇಕು. ಹಾಗಿದ್ದೂ ಚಿಕ್ಕ ತಂಡಕ್ಕೆ ನಾನು ಹೇಳುವುದು ಇದನ್ನೇ.

ವಾಲ್ಟ್ ಪಾಸ್‌ವರ್ಡ್ ಬದಲಾಯಿಸುವ ಗೋಜಿಗೇ ಹೋಗದಂತೆ ಮಾಡಬಲ್ಲದು. ಆ್ಯಪ್ ಕೇಳಿದಾಗ ಡೇಟಾಬೇಸಿನಲ್ಲಿ ಹೊಸ ಯೂಸರನ್ನೇ ಸೃಷ್ಟಿಸಿ ಅವಧಿ ಮುಗಿದ ಮೇಲೆ ಅಳಿಸುತ್ತದೆ. ಏನಾದರೂ ಸೋರಿದರೆ ಯಾರಿಗೆ ಕೊಟ್ಟದ್ದು ಎಂದು ಆಡಿಟ್ ಲಾಗ್‌ನಲ್ಲಿ ಸಿಗುತ್ತದೆ, ಅದೊಂದನ್ನೇ ರದ್ದುಮಾಡಬಹುದು. ನನಗೆ ತುಂಬ ಹಿಡಿಸಿದ್ದು ಇದೇ. ಆದರೆ ನಮ್ಮ ಮೈಗ್ರೇಶನ್ (ಡೇಟಾಬೇಸಿನ ರಚನೆ ಬದಲಾಯಿಸುವ ಸ್ಕ್ರಿಪ್ಟ್) ಅಂಥ ತಾತ್ಕಾಲಿಕ ಯೂಸರ್ ಹೆಸರಿನಲ್ಲಿ ಓಡಿ ಟೇಬಲ್‌ಗಳನ್ನು ಮಾಡಿತು. ಟೇಬಲ್‌ಗಳ ಒಡೆತನವಿರುವ ಯೂಸರನ್ನು ಅಳಿಸಲು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ, ಅವಧಿ ಮುಗಿದ ಯೂಸರ್‌ಗಳು ಹಾಗೇ ಗುಡ್ಡೆಬಿದ್ದವು. ಮೈಗ್ರೇಶನ್‌ಗೆ ಕಾಯಂ ರೋಲ್ ಒಂದನ್ನು ಒಡೆಯನನ್ನಾಗಿ ಇಟ್ಟ ಮೇಲೆ ಸರಿಹೋಯಿತು.

ಇನ್ನೊಂದು: ವಾಲ್ಟ್ ಸರ್ವರ್ ರೀಸ್ಟಾರ್ಟ್ ಆದರೆ ಬೀಗ ಹಾಕಿಕೊಂಡೇ ಏಳುತ್ತದೆ. ಸಾಮಾನ್ಯವಾಗಿ ಆ ಬೀಗದ ಕೀಯ 5 ತುಂಡುಗಳಲ್ಲಿ 3 ಸೇರಿದರೆ ತೆರೆಯುತ್ತದೆ. ಕ್ಲೌಡ್‌ನ ಕೆಎಂಎಸ್‌ಗೆ ಆ ಕೆಲಸ ಒಪ್ಪಿಸಬಹುದು. ಒಪ್ಪಿಸದಿದ್ದರೆ, ತುಂಡು ಇಟ್ಟುಕೊಂಡ ಮೂವರು ನಡುರಾತ್ರಿಯಲ್ಲೂ ಫೋನ್ ಎತ್ತಬೇಕು.