‘ಎಲ್ಲ ಪಿಸ್ತೂಲಿಗೂ ಆಗುತ್ತೆ’ ಅನ್ನೋ ಹೋಲ್‌ಸ್ಟರ್ ತಗೋಬೇಡಿ

ಲೈಸೆನ್ಸ್ ಪಿಸ್ತೂಲು ಇಟ್ಟುಕೊಂಡವರು, ಅದರಲ್ಲೂ ಮಲೆನಾಡಿನ ತೋಟದವರು ಇದನ್ನು ಓದಿ. ‘ಅಪ್ಪಟ ಚರ್ಮ, ಎಲ್ಲ ಪಿಸ್ತೂಲಿಗೂ ಆಗುತ್ತೆ’ ಎಂದು ಬರೆದು ಆನ್‌ಲೈನ್‌ನಲ್ಲಿ ಮಾರುವ ಬೆಲ್ಟ್ ಹೋಲ್‌ಸ್ಟರ್‌ಗಳಿವೆ, ಅಂದರೆ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ. ಬೆಲೆ ಏಳೆಂಟು ನೂರು ರೂಪಾಯಿ. ಅಂಥದ್ದೊಂದನ್ನು ನಾನು ತರಿಸಿದ್ದೆ. ಮಾರಿದವರ ಹೆಸರು ಹೇಳಿ ಪ್ರಯೋಜನವಿಲ್ಲ. ಅದೇ ಮಾಲು ಹತ್ತಾರು ಹೆಸರಿನಲ್ಲಿ ಬರುತ್ತಿದೆ.

ನನ್ನದು ಸರ್ಕಾರಿ ಆರ್ಡ್‌ನೆನ್ಸ್ (ಆಯುಧ) ಕಾರ್ಖಾನೆಯ .32 ಪಿಸ್ತೂಲು. .32 ಅನ್ನೋದು ಬೋರ್, ಅಂದರೆ ನಳಿಗೆಯ ಒಳ ಅಳತೆ. ಮೂಡಿಗೆರೆ ಕಡೆ ತೋಟ. ಬಟವಾಡೆಗೆ ಬ್ಯಾಂಕಿನಿಂದ ಹಣ ತರುವ ದಿನ ಮಾತ್ರ ಅದು ಸೊಂಟಕ್ಕೆ ಬರುತ್ತದೆ. ಆನೆಗಾ ಅಂತ ಕೇಳುವವರು ಇದ್ದಾರೆ. .32 ಗುಂಡು ಆನೆಗೆ ಸೊಳ್ಳೆ ಕಚ್ಚಿದ ಹಾಗೆ, ಸುಮ್ನೆ ಸಿಟ್ಟು ಬರಿಸಲು ಸಾಕು.

ಮಳೆ ಹಿಡಿಯುವವರೆಗೆ ಹೋಲ್‌ಸ್ಟರ್ ಚೆನ್ನಾಗಿಯೇ ಕಂಡಿತು. ಜೂನ್ ಕೊನೆಯ ಒಂದು ಬಟವಾಡೆ ದಿನ ಜೀಪಿನಿಂದ ಇಳಿಯುವಾಗ ಸೊಂಟ ಹಗುರಾಯಿತು. ನಾನು ಅದನ್ನು ಗಮನಿಸುವಷ್ಟರಲ್ಲಿ ಹಿಂದೆ ಇಳಿಯುತ್ತಿದ್ದ ತೋಟದ ಲೆಕ್ಕ ಬರೆಯುವ ರೈಟರ್ ‘ಸಾರ್, ಸಾರ್’ ಎಂದು ಕೂಗಿದರು. ಹೋಲ್‌ಸ್ಟರ್ ಸಮೇತ ಪಿಸ್ತೂಲು ಕೆಸರಿನಲ್ಲಿ ಬಿದ್ದಿತ್ತು. ಕೂಲಿಯವರು, ಅವರ ಮಕ್ಕಳು ಎಲ್ಲ ಅಲ್ಲೇ ನಿಂತಿದ್ದರು. ನಾನು ಚೇಂಬರ್ (ಹಾರಲು ಸಿದ್ಧವಾದ ಗುಂಡು ಕೂರುವ ಜಾಗ) ಯಾವಾಗಲೂ ಖಾಲಿ ಇಡುತ್ತೇನೆ, ಹಾಗಾಗಿ ಗುಂಡು ಹಾರುವ ಮಾತಿರಲಿಲ್ಲ. ಚೇಂಬರಿನಲ್ಲಿ ಗುಂಡು ಇಟ್ಟುಕೊಂಡು ಓಡಾಡುವವರೂ ಇದ್ದಾರೆ. ಬಿದ್ದ ಏಟಿಗೆ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿದು ಹಾರಿಸುವ ಮೊಳೆ) ಮುಂದೆ ಹೋಗದಂತೆ ತಡೆಯುವ ಲಾಕು ಹಳೆಯ ಮಾದರಿಯ ಎಷ್ಟೋ ಪಿಸ್ತೂಲುಗಳಲ್ಲಿ ಇರುವುದಿಲ್ಲ.

ಮನೆಗೆ ತಂದು ಹೋಲ್‌ಸ್ಟರನ್ನು ಬ್ಲೇಡಿನಿಂದ ಕೊಯ್ದು ನೋಡಿದೆ. ಹೊರಗೆ ರೆಕ್ಸಿನ್, ಒಳಗೆ ರಟ್ಟು. ಹೌದು, ರಟ್ಟು! ನೀರು ಕುಡಿದು ಉಬ್ಬಿ ಮೆತ್ತಗಾಗಿತ್ತು. ಬೆಲ್ಟ್ ಹಾಯುವ ಪಟ್ಟಿಗೆ ಒಂದೇ ಸಾಲು ಹೊಲಿಗೆ. ರಟ್ಟು ಕರಗಿದ ಮೇಲೆ ಆ ದಾರಕ್ಕೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಟಿಚ್ ಬಟನ್ನಿಗೆ ಆಗಲೇ ತುಕ್ಕು.

ಇದಕ್ಕಿಂತ ನನಗೆ ಭಯವಾಗಿದ್ದು ಹೋಲ್‌ಸ್ಟರಿನ ಬಾಯಿ ನೋಡಿ. ಮೆತ್ತಗಾದ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಪಿಸ್ತೂಲನ್ನು ವಾಪಸ್ ತೂರಿಸುವಾಗ ಆ ಮಡಿಕೆ ಟ್ರಿಗರ್ ಗಾರ್ಡಿನೊಳಗೆ (ಟ್ರಿಗರಿನ ಸುತ್ತಲಿನ ಬಳೆಯೊಳಗೆ) ಹೊಕ್ಕರೆ ಬೆರಳು ಮಾಡುವ ಕೆಲಸವನ್ನು ಅದೇ ಮಾಡುತ್ತದೆ. ನೀವು ಕೆಳಕ್ಕೆ ಒತ್ತುತ್ತೀರಿ, ಮಡಿಕೆ ಟ್ರಿಗರನ್ನು ಹಿಂದಕ್ಕೆ ಎಳೆಯುತ್ತದೆ, ನಳಿಗೆ ನಿಮ್ಮ ತೊಡೆಯ ಕಡೆಗೇ ಇರುತ್ತದೆ. ಹಳತಾಗಿ ಮೆತ್ತಗಾದ ಚರ್ಮದ ಹೋಲ್‌ಸ್ಟರುಗಳಿಂದ ಹೊರದೇಶಗಳಲ್ಲಿ ಹೀಗೆ ಗುಂಡು ಹಾರಿ ಗಾಯವಾದವರಿದ್ದಾರೆ. ಪಿಸ್ತೂಲನ್ನು ಹಿಡಿದಿಡುವ ಮೇಲಿನ ಪಟ್ಟಿಯ ತುದಿ ಒಳಗೆ ಸಿಕ್ಕಿಕೊಂಡರೂ ಇದೇ ಕಥೆ.

ಮಾರಿದವರಿಗೆ ಫೋಟೊ ಕಳಿಸಿದೆ. ‘ಬಳಸಿದ ಮಾಲು ವಾಪಸ್ ಇಲ್ಲ’ ಎಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ದುಡ್ಡು ಬಂತು. ಆ ಮಾಲು ಮಾತ್ರ ಈಗಲೂ ಮಾರಾಟಕ್ಕಿದೆ, ‘ಅಪ್ಪಟ ಚರ್ಮ’ ಎಂದೇ.

ಇದು ಬರೀ ಏಳೆಂಟು ನೂರರ ವಿಷಯವಲ್ಲ. ಆ ದಿನ ಪಿಸ್ತೂಲು ದಾರಿಯಲ್ಲಿ ಎಲ್ಲೋ ಬಿದ್ದು ಸಿಗದೇ ಹೋಗಿದ್ದರೆ ತಕ್ಷಣ ಠಾಣೆಗೆ ತಿಳಿಸಬೇಕಿತ್ತು, ಲೈಸೆನ್ಸಿಗೂ ಸಂಚಕಾರ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಬ್ಯಾಗಿನಲ್ಲೋ ಒಯ್ಯಬೇಕು. ಅದು ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಅಂಗಿ ಮೇಲೆ ಕಾಣುವ ಹಾಗೆ ಕಟ್ಟಿಕೊಂಡು ಮದುವೆಗೆ ಬರುವವರು ಇದನ್ನೂ ಸ್ವಲ್ಪ ಓದಿಕೊಳ್ಳಲಿ.

ಇನ್ನು ‘ಎಲ್ಲ ಪಿಸ್ತೂಲಿಗೂ ಆಗುತ್ತೆ’ ಅನ್ನೋದು. ಅಂಗಡಿಗಳಲ್ಲಿ ಸಿಗುವ ಹೋಲ್‌ಸ್ಟರುಗಳ ಅಳತೆ ಹೆಚ್ಚಾಗಿ ಗ್ಲಾಕ್, ಬೆರೆಟ್ಟಾ ಥರದ ವಿದೇಶಿ 9 ಎಂಎಂ ಪಿಸ್ತೂಲುಗಳದ್ದು. ನಮ್ಮಲ್ಲಿ 9 ಎಂಎಂ ಪ್ರೊಹಿಬಿಟೆಡ್ (ನಿಷೇಧಿತ) ಬೋರ್, ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ನಮ್ಮ ಕೈಯಲ್ಲಿರುವುದು ಹೆಚ್ಚಾಗಿ .32. ದೊಡ್ಡ ಹೋಲ್‌ಸ್ಟರಿನಲ್ಲಿ ಅದು ಅಲುಗಾಡುತ್ತದೆ, ಬಗ್ಗಿದರೆ ಮೇಲಕ್ಕೆ ಬರುತ್ತದೆ. ಆಟಿಕೆ ಗನ್ನಿನ ಹೋಲ್‌ಸ್ಟರನ್ನೂ ಇದೇ ಸಾಲಿನಲ್ಲಿಟ್ಟು ಮಾರುತ್ತಾರೆ. ಅದರ ಪ್ಲಾಸ್ಟಿಕ್ ಕ್ಲಿಪ್ಪು ಒಂದು ಸಲ ಜೀಪಿನ ಸೀಟಿಗೆ ಒತ್ತಿದರೆ ಚಟ್ಟಂತ ಮುರಿಯುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚುತ್ತದೆಯೇ ಎಂದು. ಹೊರಗಿನಿಂದ ಬೆರಳಲ್ಲಿ ಒತ್ತಿದರೂ ಟ್ರಿಗರಿಗೆ ತಾಗಬಾರದು. ಆಮೇಲೆ ಬಾಯಿ. ಪಿಸ್ತೂಲು ತೆಗೆದ ಮೇಲೂ ಅದು ತೆರೆದೇ ನಿಲ್ಲಬೇಕು. ಒಳ್ಳೆಯ ಚರ್ಮದ ಹೋಲ್‌ಸ್ಟರಿನ ಬಾಯಿಗೆ ಇನ್ನೊಂದು ಪದರ ಚರ್ಮ ಹೊಲಿದಿರುತ್ತಾರೆ. ಕೈಡೆಕ್ಸ್ ಆದರೆ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಪಿಸ್ತೂಲಿನ ಆಕಾರಕ್ಕೇ ಒತ್ತಿರುತ್ತಾರೆ, ಮಳೆಗೂ ಬಗ್ಗುವುದಿಲ್ಲ. ನಮ್ಮ ಕಡೆಗೆ ಅದೇ ಮೇಲು ಅನ್ನಿಸುತ್ತದೆ. ಬೆಲ್ಟೂ ಮುಖ್ಯ. ಆಫೀಸಿಗೆ ಹಾಕುವ ತೆಳು ಬೆಲ್ಟು ಭಾರಕ್ಕೆ ಹೊರಳುತ್ತದೆ. ಒಂದೂವರೆ ಇಂಚಿನ ದಪ್ಪ ಬೆಲ್ಟು, ಅದಕ್ಕೆ ಸರಿಯಾಗಿ ಕೂರುವ ಪಟ್ಟಿ ಇರಲಿ. ಪಟ್ಟಿ ಅಗಲವಾಗಿ ಬೆಲ್ಟು ಸಣ್ಣದಾದರೆ ಹೋಲ್‌ಸ್ಟರ್ ಹಿಂದೆ ಮುಂದೆ ಜಾರುತ್ತಲೇ ಇರುತ್ತದೆ.

ಮನೆಗೆ ಬಂದ ಕೂಡಲೇ ಒಂದು ಪರೀಕ್ಷೆ ಮಾಡಿ. ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಪಿಸ್ತೂಲನ್ನು ಹೋಲ್‌ಸ್ಟರಿಗೆ ಹಾಕಿ ಹಾಸಿಗೆಯ ಮೇಲೆ ತಲೆಕೆಳಗಾಗಿ ಕೊಡವಿ. ಬಿದ್ದರೆ ಅವತ್ತೇ ವಾಪಸ್ ಮಾಡಿ.

ಅಳತೆ ಕೊಟ್ಟು ಹೊಲಿಸುವುದಾದರೆ ಪಿಸ್ತೂಲನ್ನು ಚರ್ಮದ ಅಂಗಡಿಯಲ್ಲಿ ಬಿಟ್ಟು ಬರುವ ಹಾಗಿಲ್ಲ. ಲೈಸೆನ್ಸ್ ಇಲ್ಲದವರ ಕೈಗೆ ಆಯುಧ ಕೊಡುವುದು ಅಪರಾಧ. ಕಾಗದದ ಮೇಲಿಟ್ಟು ಗೆರೆ ಎಳೆದು, ದಪ್ಪ ಬರೆದು ಕೊಡಿ. ಮತ್ತೆ, ಚರ್ಮದ ಹೋಲ್‌ಸ್ಟರಿನೊಳಗೇ ಪಿಸ್ತೂಲಿಟ್ಟು ಬೀರುವಿಗೆ ಹಾಕಬೇಡಿ. ಚರ್ಮ ಥಂಡಿ ಹಿಡಿದಿಡುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿರುತ್ತದೆ. ಮಳೆಗಾಲದಲ್ಲಿ ಸ್ಲೈಡಿನ (ಪಿಸ್ತೂಲಿನ ಮೇಲ್ಭಾಗದ ಜಾರುವ ಲೋಹದ ಭಾಗ) ಮೇಲೆ ತುಕ್ಕು ಕೂರಲು ಜಾಸ್ತಿ ದಿನ ಬೇಕಿಲ್ಲ. ಎಣ್ಣೆ ಒರೆಸಿ ಬೇರೆಯಾಗಿ ಬೀಗ ಹಾಕಿಡಿ.